ಅಕ್ಷರ ದೊಡ್ಡದಾದರೆ ಸಾಲದು

ಹಿರಿಯರಿಗೆ ಒಗ್ಗುವ ಇಂಟರ್‌ಫೇಸ್ ಹೇಗಿರಬೇಕು ಎಂದು ಯಾವ ವಿನ್ಯಾಸಕರನ್ನು ಕೇಳಿದರೂ ಸಿಗುವ ಉತ್ತರ ಹೆಚ್ಚುಕಡಿಮೆ ಒಂದೇ. ಅಕ್ಷರ ದೊಡ್ಡದಿರಲಿ, ಬಟನ್ ದಪ್ಪವಿರಲಿ, ಆಯ್ಕೆಗಳು ಕಡಿಮೆ ಇರಲಿ, ಮಿಕ್ಕಿದ್ದನ್ನು ಒಂದು ತರಬೇತಿ ಶಿಬಿರ ನೋಡಿಕೊಳ್ಳುತ್ತದೆ. ಅದರ ಬೆನ್ನಿಗೇ ಇನ್ನೊಂದು ಸಮಾಧಾನವೂ ಬರುತ್ತದೆ: ಇದೆಲ್ಲ ಈ ಒಂದು ತಲೆಮಾರಿನ ಪಾಡು, ಮೊಬೈಲ್ ಹಿಡಿದೇ ಬೆಳೆದವರಿಗೆ ವಯಸ್ಸಾಗುವ ಹೊತ್ತಿಗೆ ಸಮಸ್ಯೆ ತಾನಾಗಿ ಕರಗಿಹೋಗುತ್ತದೆ. ಈ ಮಾತುಗಳನ್ನು ಆಡುವವರು ಒಳ್ಳೆಯ ಮನಸ್ಸಿನವರು, ಹಲವರು ಈ ಕ್ಷೇತ್ರದಲ್ಲಿ ನಿಜವಾಗಿ ದುಡಿದವರು. ಆದರೂ ನನಗೆ ಎರಡರ ಮೇಲೂ ತಕರಾರಿದೆ. ಮೊದಲನೆಯದು ಅರ್ಧ ಸತ್ಯ, ಎರಡನೆಯದು ಸತ್ಯವೇ ಅಲ್ಲ. ಹಿರಿಯರನ್ನು ಸೋಲಿಸುತ್ತಿರುವುದರಲ್ಲಿ ಅವರ ಕಣ್ಣಿನ ಪಾಲು, ಅವರ ಕೈಯ ಪಾಲು ಸಣ್ಣದು. ಅವರು ಕಷ್ಟಪಟ್ಟು ಕಲಿತದ್ದನ್ನು ಆರಾರು ತಿಂಗಳಿಗೆ ನಿರರ್ಥಕ ಮಾಡಿಹಾಕುವ ವಿನ್ಯಾಸದ ಚಾಳಿಯ ಪಾಲು ದೊಡ್ಡದು. ಅದರ ಬಗ್ಗೆ ಯಾರೂ ಮಾತಾಡುವುದಿಲ್ಲ.

ಅರ್ಧ ಸತ್ಯದಿಂದಲೇ ಶುರುಮಾಡುತ್ತೇನೆ. ನಲವತ್ತು ದಾಟಿದ ಮೇಲೆ ಕಣ್ಣಿನ ಮಸೂರ ಬಿಗಿಯಾಗುತ್ತದೆ, ಹತ್ತಿರದ್ದು ಮಸುಕಾಗುತ್ತದೆ. ಇದು ಎಲ್ಲರಿಗೂ ಗೊತ್ತು. ಅಷ್ಟಾಗಿ ಗಮನಕ್ಕೆ ಬಾರದ ಸಂಗತಿಯೆಂದರೆ, ವಯಸ್ಸಾಗುತ್ತ ಮಸೂರ ಹಳದಿಗೆ ತಿರುಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ. ಅರವತ್ತರ ಕಣ್ಣಿನ ರೆಟಿನಾಗೆ ತಲುಪುವ ಬೆಳಕು ಇಪ್ಪತ್ತರ ಕಣ್ಣಿಗೆ ತಲುಪುವುದರ ಸುಮಾರು ಮೂರನೇ ಒಂದು ಪಾಲು ಮಾತ್ರ. ಅಂದರೆ ಕಳೆದುಹೋಗುವುದು ಗಾತ್ರಕ್ಕಿಂತ ಹೆಚ್ಚಾಗಿ ಕಾಂಟ್ರಾಸ್ಟ್. ಬಿಳಿ ಹಿನ್ನೆಲೆಯ ಮೇಲೆ ತಿಳಿಬೂದು ಬಣ್ಣದಲ್ಲಿ ಬರೆದ ಅಕ್ಷರವನ್ನು ಎರಡು ಪಟ್ಟು ಹಿಗ್ಗಿಸಿದರೂ ಅದು ತಿಳಿಬೂದಾಗಿಯೇ ಉಳಿಯುತ್ತದೆ. ವೆಬ್ ಮಾನದಂಡಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ 2008ರ ಮಾರ್ಗಸೂಚಿಯಲ್ಲೇ ಸಾಮಾನ್ಯ ಗಾತ್ರದ ಬರಹಕ್ಕೆ ಕನಿಷ್ಠ 4.5:1 ಕಾಂಟ್ರಾಸ್ಟ್ ಇರಬೇಕೆಂದು ಬರೆದಿದೆ. ಅದಾಗಿ ಐದು ವರ್ಷಕ್ಕೆ, 2013ರಲ್ಲಿ, ಆ್ಯಪಲ್ ಐಓಎಸ್ 7 ತಂದಿತು: ಸೂಜಿಯಂಥ ತೆಳು ಅಕ್ಷರ, ಅಂಚಿಲ್ಲದ ಬಟನ್, ಯಾವುದನ್ನು ಒತ್ತಬಹುದು ಯಾವುದು ಬರೀ ಬರಹ ಎಂದು ಬಣ್ಣದಿಂದಲೇ ಊಹಿಸಬೇಕಾದ ಪರದೆ. ಮರುವರ್ಷದ ಐಓಎಸ್ 7.1ರಲ್ಲಿ ಬಟನ್‌ಗಳಿಗೆ ಆಕಾರ ಮರಳಿಸುವ ಆಯ್ಕೆ ಬಂತು. ಆದರೆ ಬಂದದ್ದು ಎಲ್ಲಿಗೆ? ಸೆಟ್ಟಿಂಗ್ಸ್‌ನ ಒಳಗೆ, ಆ್ಯಕ್ಸೆಸಿಬಿಲಿಟಿಯ ಪುಟಕ್ಕೆ. ಬಟನ್ ಬಟನ್‌ನಂತೆ ಕಾಣುವುದು ವಿಶೇಷ ಅಗತ್ಯವುಳ್ಳವರಿಗೆ ಕೊಡುವ ರಿಯಾಯಿತಿ ಎನ್ನುವ ಧೋರಣೆ ಅಲ್ಲಿಂದ ಗಟ್ಟಿಯಾಯಿತು. ಇಡೀ ಉದ್ಯಮ ಆ ತೆಳು ಅಕ್ಷರದ ಹಿಂದೆ ಓಡಿತು.

ಕನ್ನಡದ ಮಟ್ಟಿಗೆ ಈ ಪ್ರಶ್ನೆ ಇನ್ನೂ ಬಿಗಿಯಾಗುತ್ತದೆ. ನಮ್ಮ ಲಿಪಿ ಗೆರೆಯ ಕೆಳಗೂ ಬದುಕುತ್ತದೆ. ‘ರಾಷ್ಟ್ರೀಕೃತ’, ‘ಶಾಸ್ತ್ರಿ’ ಎಂಬ ಪದಗಳಲ್ಲಿ ಒತ್ತಕ್ಷರದ ಕೆಳಗೆ ಇನ್ನೊಂದು ಒತ್ತಕ್ಷರ ಇಳಿಯುತ್ತದೆ, ಮೂಲಾಕ್ಷರಕ್ಕಿಂತ ಅದು ಬಹಳ ಸಣ್ಣದು. ಹನ್ನೆರಡು ಪಾಯಿಂಟ್‌ನ ಇಂಗ್ಲಿಷ್ ಬರಹ ಓದಬಲ್ಲ ಕಣ್ಣಿಗೆ ಅದೇ ಹನ್ನೆರಡು ಪಾಯಿಂಟ್‌ನ ಕನ್ನಡದಲ್ಲಿ ಘ ಯಾವುದು ಫ ಯಾವುದು, ಒತ್ತು ತ ಇದೆಯೋ ನ ಇದೆಯೋ ಗೊತ್ತಾಗುವುದಿಲ್ಲ. ಬಟನ್‌ನ ಎತ್ತರವನ್ನೂ ಸಾಲುಗಳ ನಡುವಿನ ಅಂತರವನ್ನೂ ಇಂಗ್ಲಿಷ್ ಅಕ್ಷರಕ್ಕೆ ಅಳೆದು ಕಟ್ಟಿರುತ್ತಾರೆ, ಆಮೇಲೆ ಅದರೊಳಗೆ ಕನ್ನಡ ತುಂಬುತ್ತಾರೆ. ಈಗ ಹಿರಿಯರಿಗಾಗಿ ಎಂದು ಅಕ್ಷರದ ಗಾತ್ರ ಹೆಚ್ಚಿಸಿ ನೋಡಿ. ಒತ್ತಕ್ಷರದ ಕಾಲು ಕತ್ತರಿಸಿಹೋಗುತ್ತದೆ. ‘ಖಾತೆಯಿಂದ ಹಣ ವರ್ಗಾವಣೆ’ ಎಂಬ ಬಟನ್ ‘ಖಾತೆಯಿಂದ ಹ’ ಎಂದು ನಿಂತು ಮೂರು ಚುಕ್ಕೆಯಾಗುತ್ತದೆ. ಅದರ ಕೆಳಗಿನದೂ ‘ಖಾತೆಯಿಂದ’ ಎಂದೇ ಶುರುವಾಗಿ ಅಲ್ಲೇ ನಿಂತಿರುತ್ತದೆ. ಎರಡರಲ್ಲಿ ಯಾವುದನ್ನು ಒತ್ತಬೇಕು? ಬೇಸತ್ತ ಹಿರಿಯರು ಭಾಷೆಯನ್ನು ಇಂಗ್ಲಿಷಿಗೆ ಬದಲಿಸಿಕೊಳ್ಳುತ್ತಾರೆ. ಆಮೇಲೆ ಆ್ಯಪ್‌ನವರು ತಮ್ಮ ಅಂಕಿಅಂಶ ನೋಡಿ ಕನ್ನಡಕ್ಕೆ ಬೇಡಿಕೆಯಿಲ್ಲ ಎಂದು ತೀರ್ಮಾನಿಸಿದರೆ ಅದನ್ನು ತಿದ್ದುವವರು ಯಾರೂ ಇರುವುದಿಲ್ಲ. ದೊಡ್ಡ ಅಕ್ಷರವೇ ಪರಿಹಾರ ಎನ್ನುವವರು ಯಾವ ಲಿಪಿಯ ದೊಡ್ಡ ಅಕ್ಷರ, ಎಷ್ಟು ಜಾಗದೊಳಗೆ ಎಂದು ಕೇಳಿಕೊಂಡಿದ್ದರೆ ಅರ್ಧ ಕೆಲಸವಾದರೂ ಸರಿಯಾಗಿ ಆಗುತ್ತಿತ್ತು.

ಕಣ್ಣಿನ ಮಾತು ಅಷ್ಟಕ್ಕೆ ಬಿಟ್ಟು ತಲೆಯ ಮಾತಿಗೆ ಬರುತ್ತೇನೆ. ಜಗಳ ಇರುವುದು ಇಲ್ಲಿ.

1984ರಲ್ಲಿ ಅಮೆರಿಕದ ಮನೋವಿಜ್ಞಾನಿ ಟಿಮೋತಿ ಸಾಲ್ಟ್‌ಹೌಸ್ ಟೈಪಿಸ್ಟರ ಮೇಲೆ ಒಂದು ಅಧ್ಯಯನ ಪ್ರಕಟಿಸಿದರು. ಅದರಲ್ಲಿ 19 ವರ್ಷದವರೂ ಇದ್ದರು, 72 ವರ್ಷದವರೂ ಇದ್ದರು. ಸೂಚನೆ ಕಂಡೊಡನೆ ಗುಂಡಿ ಒತ್ತುವಂಥ ಸರಳ ಪರೀಕ್ಷೆಗಳಲ್ಲಿ ವಯಸ್ಸಾದವರು ನಿರೀಕ್ಷೆಯಂತೆಯೇ ನಿಧಾನ. ಆದರೆ ಟೈಪ್ ಮಾಡುವ ವೇಗದಲ್ಲಿ ವಯಸ್ಸಿನಿಂದ ಕುಸಿತ ಕಾಣಲಿಲ್ಲ. ಬೆರಳು ನಿಧಾನವಾಗಿಯೂ ಕೆಲಸ ನಿಧಾನವಾಗದೆ ಇದ್ದದ್ದು ಹೇಗೆ? ಟೈಪಿಸ್ಟರಿಗೆ ಮುಂದೆ ಕಾಣುವ ಅಕ್ಷರಗಳನ್ನು ಕಡಿಮೆ ಮಾಡುತ್ತ ಹೋದಾಗ ಗುಟ್ಟು ಬಯಲಾಯಿತು. ಹಿರಿಯರು ತಾವು ಒತ್ತುತ್ತಿರುವ ಅಕ್ಷರಕ್ಕಿಂತ ಬಹಳ ಮುಂದಿನದನ್ನು ಓದಿಟ್ಟುಕೊಳ್ಳುತ್ತಿದ್ದರು. ಬೆರಳು ಕಳೆದುಕೊಂಡ ವೇಗವನ್ನು ಅನುಭವ ಸದ್ದಿಲ್ಲದೆ ತುಂಬಿಕೊಡುತ್ತಿತ್ತು.

ಈ ಅಧ್ಯಯನವನ್ನು ವೃದ್ಧಾಪ್ಯದ ಬಗೆಗಿನ ಆಶಾವಾದಕ್ಕೆ ಸಾಕ್ಷಿಯಾಗಿ ಉದಾಹರಿಸುವುದು ರೂಢಿ. ನನಗೆ ಅದರಲ್ಲಿ ಕಾಣುವುದು ವಿನ್ಯಾಸಕರಿಗೆ ಹಾಕಿದ ಒಂದು ಷರತ್ತು. ಆ ಹಿರಿಯ ಟೈಪಿಸ್ಟರು ಯುವಕರ ಸಮಕ್ಕೆ ನಿಂತದ್ದು ಕೀಲಿಮಣೆ ಬದಲಾಗದೆ ಇದ್ದದ್ದರಿಂದ. ದಶಕಗಳ ಕಾಲ ಎ ಇದ್ದ ಜಾಗದಲ್ಲೇ ಎ ಇತ್ತು. ಒಂದು ಬೆಳಿಗ್ಗೆ ಅದರ ಕೀಲಿಗಳನ್ನು ಅದಲುಬದಲು ಮಾಡಿದ್ದರೆ ಇಪ್ಪತ್ತೈದರವಳೂ ಎಪ್ಪತ್ತರವಳೂ ಇಬ್ಬರೂ ಮೊದಲಿನಿಂದ ಕಲಿಯಬೇಕಾಗುತ್ತಿತ್ತು. ಆಗ ಉಳಿಯುತ್ತಿದ್ದದ್ದು ಬರೀ ಬೆರಳಿನ ವೇಗ. ಆ ಪಂದ್ಯದಲ್ಲಿ ಎಪ್ಪತ್ತರವಳು ಸೋಲುವುದು ನಿಶ್ಚಿತ. ವಯಸ್ಸಿನ ಕೊರತೆಯನ್ನು ಅನುಭವ ತುಂಬಿಕೊಡುವುದು ಜಗತ್ತು ಅನುಭವವನ್ನು ಗೌರವಿಸಿದಾಗ ಮಾತ್ರ.

ನಮ್ಮ ಸಾಫ್ಟ್‌ವೇರ್ ಜಗತ್ತು ಹೇಗೆ ನಡೆದುಕೊಂಡಿದೆ? 1995ರಿಂದ ಪರದೆಯ ಮೂಲೆಯಲ್ಲಿದ್ದ ಸ್ಟಾರ್ಟ್ ಬಟನ್ ಅನ್ನು 2012ರ ವಿಂಡೋಸ್ 8ರಲ್ಲಿ ಮೈಕ್ರೋಸಾಫ್ಟ್ ತೆಗೆದುಹಾಕಿತು. ಗಲಾಟೆಯಾಗಿ ಮರುವರ್ಷ 8.1ರಲ್ಲಿ ಮರಳಿಸಿತು. ಐಫೋನಿನಲ್ಲಿ ಹೋಮ್ ಬಟನ್ ಎಂಬುದಿತ್ತು. ಎಲ್ಲಿ ದಾರಿ ತಪ್ಪಿದರೂ ಅದನ್ನೊಂದು ಒತ್ತಿದರೆ ಮನೆಗೆ ಬಂದು ನಿಲ್ಲಬಹುದಿತ್ತು. 2017ರ ಐಫೋನ್ 10ರಲ್ಲಿ ಅದು ಹೋಯಿತು, ಅದರ ಜಾಗಕ್ಕೆ ಕೆಳಗಿನಿಂದ ಮೇಲಕ್ಕೆ ಸವರುವ ಸನ್ನೆ ಬಂತು. ಆಂಡ್ರಾಯ್ಡ್ 2019ರಲ್ಲಿ ತನ್ನ ಹತ್ತನೇ ಆವೃತ್ತಿಯಲ್ಲಿ ಅದೇ ದಾರಿ ಹಿಡಿಯಿತು. ಇವು ಹೆಸರಾದ ಉದಾಹರಣೆಗಳು. ದಿನನಿತ್ಯದ ಆ್ಯಪ್‌ಗಳಲ್ಲಿ ಅಪ್‌ಡೇಟ್ ಆದ ಮರುದಿನ ‘ಬ್ಯಾಲೆನ್ಸ್ ನೋಡಿ’ ಎಂಬುದು ಬಲಗಡೆಯಿಂದ ಎಡಕ್ಕೆ ಹೋಗಿರುವುದನ್ನು ಲೆಕ್ಕ ಇಟ್ಟವರಿಲ್ಲ.

ಈಗ ಎರಡನೆಯ ಸಮಾಧಾನವನ್ನು ನೋಡೋಣ, ತಲೆಮಾರು ಬದಲಾದರೆ ಎಲ್ಲ ಸರಿಹೋಗುತ್ತದೆ ಎನ್ನುವುದನ್ನು. ಇದರ ಬೇರು 2001ರಲ್ಲಿ ಅಮೆರಿಕದ ಲೇಖಕ ಮಾರ್ಕ್ ಪ್ರೆನ್ಸ್ಕಿ ಬಳಕೆಗೆ ತಂದ ‘ಡಿಜಿಟಲ್ ನೇಟಿವ್’, ‘ಡಿಜಿಟಲ್ ಇಮಿಗ್ರೆಂಟ್’ ಎಂಬ ವಿಂಗಡಣೆಯಲ್ಲಿದೆ. ಹುಟ್ಟಿದ ಇಸವಿ ನೋಡಿ ಸಾಮರ್ಥ್ಯ ಅಳೆಯುವ ಈ ವಿಂಗಡಣೆ ನಮ್ಮ ಸುತ್ತಲಿನ ಜನರ ಮುಂದೆಯೇ ಬಿದ್ದುಹೋಗುತ್ತದೆ. ರಿಸರ್ವ್ ಬ್ಯಾಂಕ್ ನೇಮಿಸಿದ ರಂಗರಾಜನ್ ಸಮಿತಿ 1984ರಲ್ಲಿ ಒಂದು, 1989ರಲ್ಲಿ ಇನ್ನೊಂದು ವರದಿ ಕೊಟ್ಟು ಭಾರತದ ಬ್ಯಾಂಕುಗಳ ಗಣಕೀಕರಣಕ್ಕೆ ದಾರಿ ಹಾಕಿತು. ಆಗ ಶಾಖೆಗಳಿಗೆ ಬಂದ ಲೆಡ್ಜರ್ ಪೋಸ್ಟಿಂಗ್ ಯಂತ್ರಗಳನ್ನು, ಆಮೇಲೆ ಬಂದ ಕೋರ್ ಬ್ಯಾಂಕಿಂಗ್ ಪರದೆಗಳನ್ನು ನಡೆಸಿದವರು ಯಾರು? ಇವತ್ತು ಪಿಂಚಣಿ ಪಡೆಯುತ್ತಿರುವ ಗುಮಾಸ್ತರು, ಅಧಿಕಾರಿಗಳು. ಮೌಸ್ ಇಲ್ಲದ ಕಪ್ಪು ಪರದೆಯಲ್ಲಿ ಕೋಡ್ ನೆನಪಿಟ್ಟುಕೊಂಡು ದಿನಕ್ಕೆ ನೂರಾರು ನಮೂದು ಮಾಡಿದವರು ಅವರು. ಬೆಂಗಳೂರಿನ ಎಚ್‌ಎಎಲ್, ಬಿಇಎಲ್, ಐಟಿಐ ಕಾರ್ಖಾನೆಗಳಿಂದ ನಿವೃತ್ತರಾದ ಇಂಜಿನಿಯರುಗಳು ಈ ನಗರಕ್ಕೆ ಸಾಫ್ಟ್‌ವೇರಿನ ಹೆಸರು ಬರುವ ಮುಂಚೆಯೇ ಇಲೆಕ್ಟ್ರಾನಿಕ್ಸ್ ಕಟ್ಟಿದವರು. ಇವರಿಗೆ ತಂತ್ರಜ್ಞಾನ ಪರಕೀಯ ಎನ್ನುವುದು ಅವಮಾನದ ಮಾತು. ಇಂಥವರೂ ಇವತ್ತು ತಮ್ಮದೇ ಖಾತೆಯ ಆ್ಯಪ್‌ನ ಮುಂದೆ ತಡವರಿಸಿದರೆ ಅವರು ಕಲಿತಿರಲಿಲ್ಲ ಎನ್ನಲು ಬರುವುದಿಲ್ಲ. ಕಲಿತದ್ದಕ್ಕೆ ಬೆಲೆ ಉಳಿಯಲಿಲ್ಲ. ಇವತ್ತು ಮೂವತ್ತರಲ್ಲಿದ್ದು ಸಲೀಸಾಗಿ ಸನ್ನೆ ಸವರುವವರಿಗೂ ಇದೇ ಕಾದಿದೆ, ಏಕೆಂದರೆ ಅವರ ಎಪ್ಪತ್ತಕ್ಕೆ ಈ ಸನ್ನೆಗಳೂ ಇರುವುದಿಲ್ಲ. 2011ರ ಜನಗಣತಿಯಲ್ಲೇ ದೇಶದಲ್ಲಿ ಅರವತ್ತು ದಾಟಿದವರು 10.38 ಕೋಟಿ. ಅಷ್ಟು ಜನರ ಕಷ್ಟವನ್ನು ಕಾಲವೇ ಪರಿಹರಿಸಲಿ ಎಂದು ಬಿಡುವುದು ಸಮಸ್ಯೆಯನ್ನು ಮುಂದಿನವರ ತಲೆಗೆ ವರ್ಗಾಯಿಸಿದಂತೆ, ಅಷ್ಟೆ.

‘ಆಯ್ಕೆಗಳನ್ನು ಕಡಿಮೆ ಮಾಡಿ’ ಎಂಬ ಸಲಹೆಗೂ ಒಂದು ಮಾತು ಹೇಳಬೇಕು. ಕೇಳಲು ಇದು ಎಷ್ಟು ಸರಿ ಅನ್ನಿಸುತ್ತದೆ! ಆದರೆ ಕಾರ್ಯರೂಪಕ್ಕೆ ಬಂದಾಗ ಕಡಿಮೆ ಮಾಡುವುದು ಬಹಳ ಸಲ ಅಡಗಿಸುವುದಾಗುತ್ತದೆ. ಪರದೆಯ ಮೇಲಿದ್ದ ಎಂಟು ಬಟನ್‌ಗಳಲ್ಲಿ ಐದನ್ನು ಮೂರು ಗೆರೆಯ ಚಿಹ್ನೆಯೊಳಗೆ, ಎರಡನ್ನು ಮೂರು ಚುಕ್ಕೆಯೊಳಗೆ ತಳ್ಳುತ್ತಾರೆ. ಉಳಿದೊಂದು ಕಾಣಬೇಕಾದರೆ ಪರದೆಯನ್ನು ಪಕ್ಕಕ್ಕೆ ಸವರಬೇಕು. ಪರದೆ ಖಾಲಿಯಾಗಿ ಚೆಂದ ಕಾಣುತ್ತದೆ, ಪ್ರಶಸ್ತಿಯೂ ಬರಬಹುದು. ನೆನಪಿನ ಬಗ್ಗೆ ಮನೋವಿಜ್ಞಾನ ಖಚಿತಪಡಿಸಿರುವ ಒಂದು ಸಂಗತಿಯಿದೆ: ಕಣ್ಣೆದುರು ಇರುವುದನ್ನು ಗುರುತಿಸುವ ಶಕ್ತಿ ವಯಸ್ಸಾದರೂ ಬಹುಮಟ್ಟಿಗೆ ಉಳಿಯುತ್ತದೆ, ಇಲ್ಲದ್ದನ್ನು ನೆನಪಿನಿಂದ ಹೆಕ್ಕಿ ತರುವ ಶಕ್ತಿ ಹೆಚ್ಚು ಕುಗ್ಗುತ್ತದೆ. ಕಾಣುವ ಬಟನ್ ಗುರುತಿಸಿದರೆ ಸಾಕು. ಅಡಗಿದ ಸನ್ನೆಯನ್ನು ನೆನಪಿನಿಂದಲೇ ತರಬೇಕು. ಸರಳ ಎಂದು ಕೊಟ್ಟ ವಿನ್ಯಾಸ ಹಿರಿಯರ ಗಟ್ಟಿಯಿರುವ ಶಕ್ತಿಯನ್ನು ಬಿಟ್ಟು ಕುಗ್ಗಿದ ಶಕ್ತಿಯ ಮೇಲೆ ಭಾರ ಹಾಕುತ್ತದೆ. ಡೊನಾಲ್ಡ್ ನಾರ್ಮನ್ ಈ ಶಿಸ್ತಿನ ಹಿರಿಯರು, ಬಳಕೆದಾರರನ್ನು ಕೇಂದ್ರದಲ್ಲಿಟ್ಟ ವಿನ್ಯಾಸದ ಪಾಠವನ್ನು ಜಗತ್ತಿಗೆ ಹೇಳಿದವರು, ಆ್ಯಪಲ್‌ನಲ್ಲೇ ಕೆಲಸ ಮಾಡಿದವರು. ಅವರೂ ವಿನ್ಯಾಸಕ ಬ್ರೂಸ್ ಟೊನ್ಯಾಜ್ಜಿನಿಯವರೂ ಸೇರಿ 2015ರಲ್ಲಿ ಆ್ಯಪಲ್ ವಿನ್ಯಾಸಕ್ಕೇ ಕೆಟ್ಟ ಹೆಸರು ತರುತ್ತಿದೆ ಎಂದು ದೂರಿದರು. ಯಾವುದನ್ನು ಮಾಡಬಹುದು ಎಂಬುದು ಪರದೆ ನೋಡಿದರೆ ಗೊತ್ತಾಗದಂತಾಗಿದೆ ಎಂಬುದು ಅವರ ಮುಖ್ಯ ಆಕ್ಷೇಪ. ನಾಲ್ಕು ವರ್ಷ ಕಳೆದು, ತಮ್ಮ 83ನೇ ವಯಸ್ಸಿನಲ್ಲಿ, ಹಿರಿಯರನ್ನು ಕಡೆಗಣಿಸುವ ಇವತ್ತಿನ ವಿನ್ಯಾಸ ಕಂಡು ದಿಗಿಲಾಗುತ್ತದೆ ಎಂದು ನಾರ್ಮನ್ ಮತ್ತೆ ಬರೆದರು. ಆ ಲೇಖನವನ್ನು ವಿನ್ಯಾಸಕರು ತುಂಬ ಹಂಚಿಕೊಂಡರು. ಪರದೆಗಳೇನೂ ಬದಲಾಗಲಿಲ್ಲ.

ಹಿರಿಯರಿಗೆ ಹೆದರಿಕೆ ಎನ್ನುತ್ತಾರೆ. ‘ಏನೋ ಒತ್ತಿಬಿಟ್ಟು ದುಡ್ಡು ಹೋದರೆ?’ ಎಂದು ಅವರು ಕೇಳಿದಾಗ ಮನೆಯ ಕಿರಿಯರು ನಗುತ್ತಾರೆ, ‘ಏನೂ ಆಗಲ್ಲ ಅಜ್ಜಿ, ಒತ್ತಿ’ ಎನ್ನುತ್ತಾರೆ. ಅಜ್ಜಿಯ ಪ್ರಶ್ನೆಯೇ ಸರಿ. ಯುಪಿಐನಲ್ಲಿ ತಪ್ಪು ಖಾತೆಗೆ ಹೋದ ಹಣವನ್ನು ಕಳಿಸಿದವರು ಒಂದು ಬಟನ್ ಒತ್ತಿ ವಾಪಸ್ ಪಡೆಯಲಾಗದು. ವರ್ಡ್ ಕಡತದಲ್ಲಿ ತಪ್ಪಿದ ಕಾಗುಣಿತಕ್ಕೆ ಅನ್‌ಡೂ ಇದೆ, ತಿಂಗಳ ಪಿಂಚಣಿಗೆ ಇಲ್ಲ. ಇಂಥ ವ್ಯವಸ್ಥೆಯ ಮುಂದೆ ಬೆರಳು ತಡೆದು ನಿಲ್ಲುವುದನ್ನು ತಂತ್ರಜ್ಞಾನದ ಭಯ ಎಂದು ಕರೆಯುವುದು ಅನ್ಯಾಯ. ಅದು ವಿವೇಕ.

ಯುಪಿಐ ಕಲೆಕ್ಟ್ ರಿಕ್ವೆಸ್ಟಿನ ಕತೆಯನ್ನು ಈ ಬೆಳಕಿನಲ್ಲಿ ನೋಡಬೇಕು. ಯಾರೋ ನಮಗೆ ಹಣ ಕೇಳಿ ಕೋರಿಕೆ ಕಳಿಸಬಹುದಾದ ಸೌಲಭ್ಯ ಅದು. ವಂಚಕರು ಅದನ್ನೇ ತಿರುಗಿಸಿ, ‘ನಿಮಗೆ ಹಣ ಬರುತ್ತಿದೆ, ಒಪ್ಪಿಗೆ ಒತ್ತಿ ಪಿನ್ ಹಾಕಿ’ ಎಂದರು. ಪಿನ್ ಹಾಕಿದರೆ ಹಣ ಹೋಗುತ್ತದೆ, ಬರುವುದಿಲ್ಲ. ವರ್ಷಗಳ ಕಾಲ ಬ್ಯಾಂಕುಗಳು ಮಾಡಿದ್ದೇನು? ‘ಹಣ ಪಡೆಯಲು ಪಿನ್ ಬೇಕಿಲ್ಲ, ಎಚ್ಚರವಿರಲಿ’ ಎಂದು ಎಸ್‌ಎಂಎಸ್ ಕಳಿಸಿದ್ದು. ಅಂದರೆ ಗೊಂದಲ ಹುಟ್ಟಿಸುವ ಪರದೆಯನ್ನು ಹಾಗೇ ಬಿಟ್ಟು, ಅದರ ಜವಾಬ್ದಾರಿಯನ್ನು ಬಳಸುವವರ ನೆನಪಿನ ಮೇಲೆ ಹೊರಿಸಿದ್ದು. ಕೊನೆಗೆ 2025ರ ಅಕ್ಟೋಬರ್ 1ರಿಂದ ವ್ಯಕ್ತಿಯಿಂದ ವ್ಯಕ್ತಿಗೆ ಕಳಿಸುವ ಕಲೆಕ್ಟ್ ಕೋರಿಕೆಯನ್ನೇ ಯುಪಿಐ ನಡೆಸುವ ಎನ್‌ಪಿಸಿಐ ನಿಲ್ಲಿಸಿತು. ಆ ಒಂದು ದಾರಿ ಮುಚ್ಚಿತು. ಹಿರಿಯರಿಗೆ ಅರಿವು ಮೂಡಿಸಿ ಎಂದು ಬೋಧಿಸುವವರು ಈ ಪ್ರಕರಣವನ್ನು ಕೂತು ಓದಬೇಕು. ಇಷ್ಟು ವರ್ಷದ ಅರಿವು ಮೂಡಿಸುವಿಕೆ ತಡೆಯಲಾಗದ್ದನ್ನು ವಿನ್ಯಾಸದ ಒಂದು ನಿರ್ಧಾರ ತಡೆಯಿತು. ಆ ನಿರ್ಧಾರ ಅಷ್ಟು ತಡವಾದದ್ದಕ್ಕೆ ಒಂದು ಕಾರಣ ನನಗೆ ತೋರುವಂತೆ ಇದು: ಮೋಸಹೋದದ್ದು ಮೋಸಹೋದವರ ದಡ್ಡತನ ಎಂದು ನಾವೆಲ್ಲ ನಂಬಿದ್ದೆವು.

ಸಮಯದ ವಿಷಯವೂ ಹೀಗೆಯೇ. ಒಟಿಪಿ ಬರುತ್ತದೆ. ಎಸ್‌ಎಂಎಸ್‌ಗೆ ಹೋಗಿ, ಆರು ಅಂಕಿ ಓದಿ, ತಲೆಯಲ್ಲಿ ಹಿಡಿದು, ಹಿಂದಿನ ಪರದೆಗೆ ಬಂದು ತುಂಬುವಷ್ಟರಲ್ಲಿ ‘ಸೆಷನ್ ಮುಗಿದಿದೆ’. ತುಂಬಿದ್ದೆಲ್ಲ ಅಳಿಸಿಹೋಗಿ ಮತ್ತೆ ಮೊದಲ ಪುಟ. ಭದ್ರತೆಗೆ ಗಡುವು ಬೇಕು, ಒಪ್ಪುತ್ತೇನೆ. ಆದರೆ ಗಡುವು ಮುಗಿಯುವ ಮುನ್ನ ಎಚ್ಚರಿಸಿ, ಒಂದು ಸುಲಭ ಕ್ರಿಯೆಯಿಂದ ಅದನ್ನು ವಿಸ್ತರಿಸಿಕೊಳ್ಳಲು ಕನಿಷ್ಠ 20 ಸೆಕೆಂಡ್ ಕೊಡಬೇಕು ಎಂಬ ದಾರಿಯನ್ನು ಡಬ್ಲ್ಯು3ಸಿ ಮಾರ್ಗಸೂಚಿ ಎಂದೋ ತೋರಿಸಿದೆ. 2023ರ ಅಕ್ಟೋಬರಿನಲ್ಲಿ ಬಂದ ಅದರ 2.2ನೇ ಆವೃತ್ತಿ ಇನ್ನೂ ಮುಂದೆ ಹೋಗಿ, ಲಾಗಿನ್ ಆಗಲು ಏನನ್ನಾದರೂ ನೆನಪಿಡುವುದೋ ಒಗಟು ಬಿಡಿಸುವುದೋ ಒಂದೇ ದಾರಿಯಾಗಬಾರದು ಎನ್ನುತ್ತದೆ. ಅದೇ ಆವೃತ್ತಿ ಎಳೆದು ಬಿಡುವ ಕ್ರಿಯೆಗೆ ಬದಲಾಗಿ ಬರೀ ಒತ್ತುವ ದಾರಿ ಇರಬೇಕು, ಸಹಾಯದ ಕೊಂಡಿ ಎಲ್ಲ ಪುಟಗಳಲ್ಲೂ ಒಂದೇ ಕ್ರಮದಲ್ಲಿ ಸಿಗಬೇಕು ಎಂದೂ ಹೇಳುತ್ತದೆ. ಇವುಗಳಲ್ಲಿ ಒಂದಕ್ಕೂ ದೊಡ್ಡ ಅಕ್ಷರಕ್ಕೂ ಸಂಬಂಧವಿಲ್ಲ ಎಂಬುದನ್ನು ಗಮನಿಸಿ. ಮಾರ್ಗಸೂಚಿ ಬರೆಯುವವರು ಮುಂದೆ ನಡೆದಿದ್ದಾರೆ, ಮಾರುಕಟ್ಟೆಯ ಕಲ್ಪನೆ ಅಲ್ಲೇ ನಿಂತಿದೆ.

ನನ್ನ ವಾದಕ್ಕೆ ಎದುರಾಗಿ ನಿಲ್ಲುವ ಗಟ್ಟಿ ಉದಾಹರಣೆ ಜಪಾನಿನದು. ಅಲ್ಲಿ ಡೊಕೊಮೊ ಕಂಪನಿ ಹಿರಿಯರಿಗೆಂದೇ 1999ರಲ್ಲಿ ‘ರಾಕು-ರಾಕು’ ಫೋನ್ ತಂದಿತು. ಅದು ಯಶಸ್ವಿಯಾಯಿತು, ಮುಂದೆ ಫುಜಿತ್ಸು ಅದನ್ನು ವರ್ಷಾನುಗಟ್ಟಲೆ ತಯಾರಿಸಿತು, 2012ರಲ್ಲಿ ಸ್ಮಾರ್ಟ್‌ಫೋನ್ ಆವೃತ್ತಿಯೂ ಬಂತು. ಹಿರಿಯರಿಗೆ ಪ್ರತ್ಯೇಕ, ಸರಳ ಉಪಕರಣವೇ ಬೇಕು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೆ ಎಂದು ಕೇಳಬಹುದು. ನಾನು ಆ ಫೋನನ್ನು ಮೆಚ್ಚುತ್ತೇನೆ, ಆದರೆ ಅದರ ಗೆಲುವಿನ ಗುಟ್ಟು ದಪ್ಪ ಗುಂಡಿಯಲ್ಲಿತ್ತು ಎಂದು ಒಪ್ಪುವುದಿಲ್ಲ. ಪರದೆಯ ಕೆಳಗೆ 1, 2, 3 ಎಂಬ ಮೂರು ಗುಂಡಿ, ಒಂದೊಂದಕ್ಕೆ ಒಬ್ಬೊಬ್ಬ ಆಪ್ತರ ಸಂಖ್ಯೆ. ಒಂದು ಮಾದರಿಯಿಂದ ಮುಂದಿನ ಮಾದರಿಗೆ ಆ ಮೂರು ಗುಂಡಿಗಳು ಉಳಿದುಕೊಂಡು ಬಂದವು. ಹಳೆಯ ಫೋನ್ ಕೆಟ್ಟು ಹೊಸದನ್ನು ಕೊಂಡವರ ಬೆರಳು ಮೊದಲಿದ್ದ ಜಾಗಕ್ಕೇ ಹೋಗುತ್ತಿತ್ತು. ಅದನ್ನು ಕಟ್ಟಿದವರು ತಮ್ಮ ಗ್ರಾಹಕರು ಕಲಿತದ್ದನ್ನು ಆಸ್ತಿ ಎಂದು ಬಗೆದರು. ಅವರನ್ನು ಅನುಕರಿಸಿದವರು ಗುಂಡಿಯ ಗಾತ್ರವನ್ನಷ್ಟೇ ನಕಲು ಮಾಡಿದರು.

ಚೀನಾದ ಪ್ರಯೋಗ ಇನ್ನೂ ಕುತೂಹಲಕರ. 2021ರ ಜನವರಿಯಿಂದ ಅಲ್ಲಿನ ಕೈಗಾರಿಕೆ ಮತ್ತು ಮಾಹಿತಿ ತಂತ್ರಜ್ಞಾನ ಸಚಿವಾಲಯ ಮೊದಲ ಸುತ್ತಿನಲ್ಲಿ 115 ವೆಬ್‌ಸೈಟುಗಳನ್ನೂ 43 ಆ್ಯಪ್‌ಗಳನ್ನೂ ಹಿರಿಯರಿಗೆ ಒಗ್ಗುವಂತೆ ಬದಲಿಸಲು ಹೇಳಿತು. ಹಿರಿಯರ ಆವೃತ್ತಿಯಲ್ಲಿ ಜಾಹೀರಾತು ಇರಬಾರದು, ಆಸೆ ತೋರಿಸಿ ಒತ್ತಿಸುವ ಬಟನ್ ಇರಬಾರದು ಎಂದೂ ವಿಧಿಸಿತು. ಹಿರಿಯರ ತೊಂದರೆಯಲ್ಲಿ ಒಂದು ಭಾಗ ಕಣ್ಣಿನದಲ್ಲ, ಕಂಪನಿಯ ಲಾಭದ ಆಸೆಯದು ಎಂದು ಒಂದು ಸರ್ಕಾರ ಬರಹದಲ್ಲಿ ಒಪ್ಪಿದಂತಾಯಿತು. ಇದು ದೊಡ್ಡ ಮಾತು. ಆದರೆ ಈ ‘ಹಿರಿಯರ ಮೋಡ್’ ಎಂಬ ಪ್ರತ್ಯೇಕ ಬಾಗಿಲಿನ ಬಗ್ಗೆ ನನಗೆ ಸಮಾಧಾನವಿಲ್ಲ. ದಾರಿ ತಪ್ಪಿಸುವ ಬಟನ್ ಎಪ್ಪತ್ತರವರಿಗೆ ಕೆಟ್ಟದ್ದಾದರೆ ನಲವತ್ತರವರಿಗೆ ಹೇಗೆ ಒಳ್ಳೆಯದು? ಪ್ರತ್ಯೇಕ ಮೋಡ್ ಕೊಟ್ಟೊಡನೆ ಮುಖ್ಯ ಆವೃತ್ತಿಯನ್ನು ಹೇಗೆ ಬೇಕಾದರೂ ಮಾಡಬಹುದೆಂಬ ಪರವಾನಗಿ ಸಿಕ್ಕಂತಾಗುತ್ತದೆ. ನಮ್ಮಲ್ಲಿ 2023ರ ನವೆಂಬರಿನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ದಾರಿ ತಪ್ಪಿಸುವ ವಿನ್ಯಾಸದ 13 ಬಗೆಗಳನ್ನು, ಅಂದರೆ ‘ಡಾರ್ಕ್ ಪ್ಯಾಟರ್ನ್’ಗಳನ್ನು, ಹೆಸರಿಸಿ ಎಲ್ಲ ವಯಸ್ಸಿನವರಿಗೂ ಅನ್ವಯಿಸುವ ಮಾರ್ಗಸೂಚಿ ತಂದದ್ದು ತತ್ವದಲ್ಲಿ ಹೆಚ್ಚು ಸರಿ. ಜಾರಿಯ ಮಾತು ಬೇರೆ.

ವಿನ್ಯಾಸ ಶಾಲೆಗಳಲ್ಲಿ ಸಹಾನುಭೂತಿಯ ಪಾಠಕ್ಕೆ ಎರಡು ಉದಾಹರಣೆ ತಪ್ಪದೆ ಬರುತ್ತವೆ. ಒಂದು ವಿನ್ಯಾಸಕಿ ಪೆಟ್ರೀಷಿಯಾ ಮೂರ್ ಅವರದು: 1979ರಿಂದ ಮೂರು ವರ್ಷ, ಇಪ್ಪತ್ತಾರರ ಆಸುಪಾಸಿನಲ್ಲಿದ್ದ ಆಕೆ ಮುದುಕಿಯ ವೇಷ ಹಾಕಿ, ಕಿವಿ ಮಂದ ಮಾಡಿಕೊಂಡು, ಕೀಲು ಬಿಗಿದುಕೊಂಡು ಉತ್ತರ ಅಮೆರಿಕದ ನೂರಕ್ಕೂ ಹೆಚ್ಚು ನಗರಗಳಲ್ಲಿ ತಿರುಗಿದರು. ಇನ್ನೊಂದು ಆಕ್ಸೋ ಗುಡ್ ಗ್ರಿಪ್ಸ್ ಎಂಬ ಸಿಪ್ಪೆ ಹೆರೆಯುವ ಸಾಧನ: ಸಂಧಿವಾತದಿಂದ ಬಳಲುತ್ತಿದ್ದ ಹೆಂಡತಿಗಾಗಿ ಸ್ಯಾಮ್ ಫಾರ್ಬರ್ ಯೋಚಿಸಿದ ದಪ್ಪ ಹಿಡಿಯ ಆ ಸಾಧನ 1990ರಲ್ಲಿ ಮಾರುಕಟ್ಟೆಗೆ ಬಂದು ಎಲ್ಲ ವಯಸ್ಸಿನವರ ಅಡುಗೆಮನೆ ಸೇರಿತು. ಎರಡನ್ನೂ ನಾನು ಗೌರವಿಸುತ್ತೇನೆ. ಆದರೆ ಇಂಟರ್‌ಫೇಸ್ ವಿನ್ಯಾಸಕ್ಕೆ ಇವುಗಳನ್ನು ಹಾಗೇ ಹಚ್ಚುವುದು ತಪ್ಪು. ಮೂರ್ ಮೂರು ವರ್ಷ ಕೊಟ್ಟರು. ಇವತ್ತಿನ ಕಾರ್ಯಾಗಾರಗಳಲ್ಲಿ ಮಸುಕು ಕನ್ನಡಕ, ದಪ್ಪ ಕೈಗವಸು ತೊಟ್ಟು ಅರ್ಧ ಗಂಟೆ ಮೊಬೈಲ್ ಒತ್ತಿ ಹಿರಿಯರ ಕಷ್ಟ ಅರ್ಥವಾಯಿತು ಎನ್ನುತ್ತಾರೆ. ಆ ಕನ್ನಡಕ ಅವರಿಗೆ ವೃದ್ಧಾಪ್ಯದ ಕೊರತೆಯನ್ನು ತೋರಿಸಬಹುದು, ವೃದ್ಧಾಪ್ಯದ ಸಂಪತ್ತನ್ನಲ್ಲ. ನಲವತ್ತು ವರ್ಷ ಪಾಸ್‌ಬುಕ್ ಓದಿದ ಕಣ್ಣು ಪರದೆಯಲ್ಲಿ ಏನನ್ನು ಎಲ್ಲಿ ಹುಡುಕುತ್ತದೆ ಎಂಬುದು ಯಾವ ಕೈಗವಸಿನಿಂದಲೂ ತಿಳಿಯದು. ಇನ್ನು ಆಕ್ಸೋ ಹಿಡಿ. ಕೊಂಡ ದಿನ ಹೇಗಿತ್ತೋ ಹತ್ತು ವರ್ಷದ ಮೇಲೂ ಹಾಗೇ ಇರುತ್ತದೆ. ರಾತ್ರೋರಾತ್ರಿ ಅಪ್‌ಡೇಟ್ ಆಗಿ ಬ್ಲೇಡು ಇನ್ನೊಂದು ಬದಿಗೆ ಹೋಗುವುದಿಲ್ಲ. ಅದರ ಹಿಡಿಯನ್ನು ಹೊಗಳುವವರು ಅದರ ಈ ಗುಣವನ್ನು ಎಲ್ಲೂ ಹೇಳುವುದಿಲ್ಲ.

ನೆರವಿನ ಪ್ರಶ್ನೆಯನ್ನೂ ಮುಚ್ಚಿಡಬಾರದು. ನಮ್ಮ ಮನೆಗಳಲ್ಲಿ ನಡೆಯುತ್ತಿರುವುದು ಏನು? ಫೋನ್ ಮಗನ ಕೈಗೆ, ಪಿನ್ ಮೊಮ್ಮಗಳ ಬಾಯಿಗೆ. ತಮ್ಮ ಹಣದ ಮೇಲಿನ ಖಾಸಗಿತನವನ್ನು ಹಿರಿಯರು ಹೀಗೆ ದಿನಕ್ಕಿಷ್ಟು ಬಿಟ್ಟುಕೊಡುತ್ತಿದ್ದಾರೆ. ವಿನ್ಯಾಸಕರ ಲೆಕ್ಕದಲ್ಲಿ ಒಂದು ಫೋನಿಗೆ ಒಬ್ಬರೇ ಬಳಕೆದಾರರು, ಮಗ್ಗುಲಲ್ಲಿ ಕೂತ ಇನ್ನೊಬ್ಬರು ಅವರ ಚಿತ್ರದಲ್ಲಿಲ್ಲ. 2024ರ ಆಗಸ್ಟಿನಲ್ಲಿ ಬಂದ ಯುಪಿಐ ಸರ್ಕಲ್ ಈ ದಿಕ್ಕಿನಲ್ಲಿ ಒಂದು ಒಳ್ಳೆಯ ಹೆಜ್ಜೆ. ಖಾತೆದಾರರು ಇನ್ನೊಬ್ಬರಿಗೆ ತಮ್ಮ ಖಾತೆಯಿಂದ ಪಾವತಿಸುವ ಅಧಿಕಾರ ಕೊಡಬಹುದು. ಭಾಗಶಃ ಅಧಿಕಾರ ಕೊಟ್ಟರೆ ಪ್ರತಿ ಪಾವತಿಗೂ ಖಾತೆದಾರರೇ ಪಿನ್ ಹಾಕಿ ಒಪ್ಪಬೇಕು. ಇದನ್ನು ಹಿರಿಯರು ಖಾತೆದಾರರಾಗಿ, ಮಗಳು ನೆರವಿನವಳಾಗಿ ಬಳಸಿದರೆ ವಿದ್ಯುತ್ ಬಿಲ್ಲಿನ ಅಂಕಿಗಳನ್ನು ಅವಳು ತುಂಬುತ್ತಾಳೆ, ಹೂಂ ಎನ್ನುವ ಹಕ್ಕು ಅಮ್ಮನ ಬಳಿ ಉಳಿಯುತ್ತದೆ. ಈ ರಚನೆ ಹಣಕ್ಕಷ್ಟೇ ಏಕೆ, ಆಸ್ಪತ್ರೆಯ ನೋಂದಣಿಗೆ, ಸೇವಾಸಿಂಧುವಿನ ಅರ್ಜಿಗೆ ಏಕಿಲ್ಲ?

ಪಿಂಚಣಿದಾರರ ಜೀವನ ಪ್ರಮಾಣ ಪತ್ರದ ವಿಷಯದಲ್ಲಿ ಸರಿಯಾದ ದಿಕ್ಕು ಕಾಣುತ್ತದೆ. 2014ರ ನವೆಂಬರಿನಲ್ಲಿ ‘ಜೀವನ್ ಪ್ರಮಾಣ್’ ಶುರುವಾದಾಗ ಬೆರಳಚ್ಚು ಇಲ್ಲವೇ ಕಣ್ಣಿನ ಗುರುತು ಬೇಕಿತ್ತು. ಗೇಯ್ದು ಸವೆದ ಬೆರಳಿನ ಗೆರೆಗಳನ್ನು ಯಂತ್ರ ಓದಲಿಲ್ಲ. 2021ರಲ್ಲಿ ಮುಖ ನೋಡಿ ಗುರುತಿಸುವ ದಾರಿ ಸೇರಿತು. ಹೊಸದು ಬಂದಾಗ ಹಳೆಯದನ್ನು ಮುಚ್ಚಲಿಲ್ಲ. ಬೆರಳಚ್ಚಿನವರು ಬೆರಳಚ್ಚು ಕೊಡಬಹುದು, ಬ್ಯಾಂಕಿಗೇ ಹೋಗಿ ಕಾಗದ ಕೊಡುವವರು ಈಗಲೂ ಕೊಡಬಹುದು. ದಾರಿಗಳು ಹೆಚ್ಚಾದವು, ಯಾರ ಕಲಿಕೆಯೂ ವ್ಯರ್ಥವಾಗಲಿಲ್ಲ.

ಇಷ್ಟಕ್ಕೆಲ್ಲ ಉದ್ಯಮದವರ ಉತ್ತರ ಸಿದ್ಧವಿದೆ: ಹಳೆಯದನ್ನು ಉಳಿಸಿಕೊಳ್ಳಲು ಖರ್ಚು, ಬದಲಾವಣೆ ನಿಂತರೆ ಭದ್ರತೆಗೆ ಅಪಾಯ. ಭದ್ರತೆಯ ಬದಲಾವಣೆ ಒಳಗೆ ನಡೆಯುವಂಥದ್ದು, ಅದಕ್ಕಾಗಿ ಬಟನ್ ಜಾಗ ಬದಲಿಸುವ ಅಗತ್ಯ ಅಪರೂಪ. ಖರ್ಚಿನ ಮಾತಿಗೆ ಅವರದೇ ನಡವಳಿಕೆ ಉತ್ತರ ಹೇಳುತ್ತದೆ. ಆಂಡ್ರಾಯ್ಡ್ ಸನ್ನೆಗಳಿಗೆ ಹೊರಳಿದರೂ ಮೂರು ಬಟನ್‌ಗಳ ಹಳೆಯ ಸಾಲನ್ನು ಸೆಟ್ಟಿಂಗ್ಸ್‌ನಲ್ಲಿ ಉಳಿಸಿದೆ. ಐಫೋನ್ 10 ಬಂದು ಏಳು ವರ್ಷವಾದರೂ ಆ್ಯಪಲ್ 2025ರ ಆರಂಭದವರೆಗೆ ಹೋಮ್ ಬಟನ್ ಇರುವ ಎಸ್‌ಇ ಮಾದರಿಯನ್ನು ಮಾರುತ್ತಿತ್ತು. ಮಾಡಲು ಸಾಧ್ಯ ಎಂದಾಯಿತು. ಹಾಗಿದ್ದಮೇಲೆ ಬ್ಯಾಂಕಿನ ಆ್ಯಪ್‌ಗೂ, ಪಿಂಚಣಿಯ ತಾಣಕ್ಕೂ ಇದನ್ನು ನಿಯಮವಾಗಿ ಕೇಳಬೇಕು. ಮುಖಪುಟ ಬದಲಿಸಿದರೆ ಹಳೆಯ ಮುಖಪುಟ ಇನ್ನೂ ಎರಡು ವರ್ಷ ಬೇಕೆಂದವರಿಗೆ ಸಿಗಬೇಕು, ಅದನ್ನು ಉಳಿಸಿಕೊಳ್ಳುವ ಆಯ್ಕೆ ಮೊದಲ ಪರದೆಯಲ್ಲೇ ಕಾಣಬೇಕು. ಪರೀಕ್ಷೆಯ ಕ್ರಮವೂ ಬದಲಾಗಬೇಕು. ಈಗ ಹಿರಿಯರನ್ನು ಕರೆದು ಹೊಸ ಆ್ಯಪನ್ನು ಮೊದಲ ಸಲ ಕೈಗೆ ಕೊಟ್ಟು ಎಷ್ಟು ನಿಮಿಷ ಹಿಡಿಯಿತೆಂದು ಬರೆದುಕೊಳ್ಳುತ್ತಾರೆ. ಅದು ಅವರು ಅತ್ಯಂತ ದುರ್ಬಲರಾಗಿರುವ ಗಳಿಗೆ. ಅದೇ ಜನರನ್ನು ಆರು ತಿಂಗಳ ಬಳಕೆಯ ನಂತರ ಒಮ್ಮೆ, ದೊಡ್ಡ ಅಪ್‌ಡೇಟಿನ ಮರುವಾರ ಇನ್ನೊಮ್ಮೆ ಕರೆದು ಅದೇ ಕೆಲಸ ಮಾಡಿಸಿ, ಎರಡು ಅಳತೆಗಳ ನಡುವಿನ ವ್ಯತ್ಯಾಸವನ್ನು ಬ್ಯಾಂಕು ಪ್ರಕಟಿಸಲಿ.